ಹಳೇ ಪಿಸ್ಟನ್

೨೪ ಡಿಸೆಂಬರ್ ೧೯೬೧, ಕಾಗದನಗರ, ಬೆಳಗ್ಗೆ ೬

ಟೆಂಟು, ಕಂಬಳಿ ಎರಡು, ಅವಲಕ್ಕಿ, ಚಟ್ನಿಪುಡಿ. ಮಂಕಿ ಕ್ಯಾಪ್ ಹಾಕಿಕೊಳ್ಳಲೇಬೇಕೆಂದು ವೇದಾ ಹಟ ಹಿಡಿದಳು. ಹಾಕಿಕೊಂಡೆ, ಹೆಂಡತಿ ಜೊತೆ ವಾದ ಯಾರಿಗೆ ಬೇಕು. ಮಿಲ್ಲಿನ ಸೈರನ್ ಕೇಳದೆ ಒಂದು ವಾರ ಕಾಡು ಸುತ್ತುವ ಖುಷಿ. ಆದರೆ ತಲೆಯಲ್ಲಿ ಒಂದು ಹುಳ...

ಶಿವಮೊಗ್ಗದ ಪೀರ್ ಬಾಷಾ ಗ್ಯಾರೇಜಿನಲ್ಲಿ ಒಂದು ಪದ್ಧತಿ. ಹೊಸ ಭಾಗ ಹಾಕಿದರೆ, ತೆಗೆದ ಹಳೇದನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗಿಡುತ್ತಾರೆ. ನಂಬಿಕೆಗೆ. ಈ ಸಲ ನನ್ನ ಮಿಲಿಟರಿ ಹರಾಜಿನ ಮೋಟಾರ್ ಸೈಕಲ್ಲಿಗೆ ಪಿಸ್ಟನ್ ಹಾಕಿದ್ದು ಅವರ ಮಗ ಹಯಾತ್. ಒಬ್ಬನೇ ಬಿಚ್ಚಿ ಜೋಡಿಸಿದ ಮೊದಲ ಎಂಜಿನ್ನಂತೆ. ಹಳೇ ಪಿಸ್ಟನ್ ಮಾತ್ರ ಕೊಡಲಿಲ್ಲ. ಕೇಳಿದರೆ ನಕ್ಕ. “ಎಲ್ಲಿಗೂ ಹೋಗಿಲ್ಲ ಸಾರ್, ಇದೆ.”

ನಗು ಯಾಕೆ? ಹಳೇದನ್ನೇ ಉಜ್ಜಿ ಕೂರಿಸಿದ್ದಾನೆ. ಮೇಲಾಗಿ ಟ್ರಿಪ್ಪಿಗೆ ತಾನೂ ಬರುತ್ತಾನಂತೆ. ಬೇರೆ ಮೆಕ್ಯಾನಿಕ್ ಕೈಗೆ ಎಂಜಿನ್ ಸಿಗಬಾರದಲ್ಲ.

ಅದೇ ದಿನ, ಗಾಜನೂರು, ಮಧ್ಯಾಹ್ನ ೩

ಹಿಂದಿನ ಸೀಟಿನಿಂದ ಹಯಾತ್ ಭುಜ ತಟ್ಟುತ್ತಲೇ ಇದ್ದಾನೆ. “ನಿಲ್ಸಿ ಸಾರ್, ತಣ್ಣಗಾಗ್ಲಿ. ಹೊಸ ಪಿಸ್ಟನ್ನು, ಜಾಸ್ತಿ ಕಾದ್ರೆ ಕಚ್ಕೊಳ್ಳುತ್ತೆ. ಐನೂರು ಮೈಲಿ ಆಗೋ ತನಕ ಸ್ಪೀಡು ಮೂವತ್ತು ದಾಟ್ಬೇಡಿ.”

ಹೊಸದಂತೆ! ಜೋರಾಗಿ ಓಡಿಸಿದರೆ ಬಣ್ಣ ಬಯಲಾಗುತ್ತದೆ, ಅದಕ್ಕೇ.

ನಿಂತಲ್ಲೆಲ್ಲ ಟೀ. ಒಲೆ ಅವನದೇ — ಗಿಡ್ಡ ಅಲ್ಯುಮಿನಿಯಂ ಬಟ್ಟಲು, ಪಕ್ಕಕ್ಕೆ ಎರಡು ತೂತು, ತಂತಿಯ ಕಾಲು. ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ನೀಲಿ ಉರಿ. ಟೀ ಚೆನ್ನಾಗಿತ್ತು. ಅದನ್ನು ಬೇರೆ ಒಪ್ಪಿಕೊಳ್ಳಬೇಕು, ಕರ್ಮ.

೨೫ ಡಿಸೆಂಬರ್, ಮಂಡಗದ್ದೆ, ಬೆಳಗ್ಗೆ

ಹೊಳೆದಂಡೆಯಲ್ಲಿ ಟೆಂಟು. ಇಬ್ಬನಿಗೆ ಬಟ್ಟೆಯೆಲ್ಲ ತೊಪ್ಪೆ. ಫಾರೆಸ್ಟ್ ಗಾರ್ಡ್ ಉಜ್ಜನಪ್ಪ ಬಂದು ಬೆಂಕಿ ಕಾಯಿಸಿಕೊಂಡ. “ಮನೆ ಮಠ ಇಲ್ವ ಸ್ವಾಮಿ? ಈ ಚಳೀಲಿ ಇಲ್ಲಿ ಬಿದ್ಕೊಂಡಿದೀರಲ್ಲ!” ಸರಿಯಾಗೇ ಕೇಳಿದ.

ಹಯಾತ್ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಇಟ್ಟು ಕೂತಿದ್ದಾನೆ. ಏನು ಕೇಳಿಸುತ್ತದೆ ಅಂದೆ. “ಚೆನ್ನಾಗಿ ಹಾಡ್ತಿದೆ ಸಾರ್.” ಕಣ್ಣಿಟ್ಟಿರಬೇಕು ಇವನ ಮೇಲೆ.

೨೭ ಡಿಸೆಂಬರ್, ಮಂಡಗದ್ದೆ, ಸಂಜೆ

ನಿನ್ನೆ ಬರೆಯಲಿಲ್ಲ. ಮುಖ ಇರಲಿಲ್ಲ.

ನಿನ್ನೆ ಬೆಳಗ್ಗೆ ಹಯಾತ್ ಸ್ನಾನಕ್ಕೆ ಹೊಳೆಗಿಳಿದ. ನಾನು ಗಾಡಿ ಹತ್ತಿದೆ. ತೀರ್ಥಹಳ್ಳಿ ಕಡೆ. ನಲವತ್ತು, ಐವತ್ತು, ಐವತ್ತೈದು... ನಾಲ್ಕನೇ ಮೈಲಿಗೆ ಕಿರ್ರೆಂದು ಎಂಜಿನ್ ಕಚ್ಚಿಕೊಂಡಿತು. ಸಿಕ್ಕಿಬಿದ್ದ ಕಳ್ಳ! — ಖುಷಿಯೇ ಆಯಿತು ಆಗ. ನೂಕಿಕೊಂಡು ಬಂದೆ. “ಮೆಲ್ಲಗೆ ಹೋಗ್ತಿದ್ದೆ ಮಾರಾಯ, ತಾನಾಗೇ ನಿಂತ್ಹೋಯ್ತು” ಅಂದೆ.

ಕಂಬಳಿ ಹಾಸಿ ಬಿಚ್ಚಿದ. ಪಿಸ್ಟನ್ ಮೈಯೆಲ್ಲ ಗೀರು. ಆದರೆ ಒಳಗೆ ಇನ್ನೂ ಫಳಫಳ, ನಂಬರಿನ ಅಚ್ಚು ಮಾಸಿಲ್ಲ. ಹೊಸದು. ಅಪ್ಪಟ ಹೊಸದು.

“ಮತ್ತೆ ಹಳೇದು ಎಲ್ಲಯ್ಯ?”

ಒಲೆಯನ್ನು ಬೋರಲು ಹಾಕಿ ತೋರಿಸಿದ. “ಇದೇ ಹಳೇದು. ನಿಮಗೇ ಅಂತ ಒಲೆ ಮಾಡಿದ್ದು ಸಾರ್. ಊರಿಗ್ ಹೋದ್ಮೇಲೆ ಹೇಳೋಣ ಅಂತಿದ್ದೆ.” ನಗಲು ನೋಡಿದ, ಆಗಲಿಲ್ಲ. “ತಪ್ಪು ನಂದೇ. ಎಲ್ಲೋ ಬಿಗಿ ಮಾಡ್ಬಿಟ್ಟಿದೀನಿ. ಇದು ಕೆಟ್ರೆ ಮತ್ತೆ ಎಂಜಿನ್ ಮುಟ್ಬೇಡ, ಪಂಕ್ಚರ್ ಹಾಕ್ಕೊಂಡಿರು ಅಂದಿದ್ರು ನಮ್ಮ ಅಬ್ಬಾ.”

ಆಗಲೇ ಹೇಳಬೇಕಿತ್ತು. ನಾಚಿಕೆಗೇಡು ನಾನು. ನಾಳೆ ಬೆಳಗ್ಗೆ ಲಾರಿ ಸಿಗುತ್ತದಂತೆ.

೨೮ ಡಿಸೆಂಬರ್, ಶಿವಮೊಗ್ಗ, ಗ್ಯಾರೇಜಿನ ಬೆಂಚು, ೧೧ ಗಂಟೆ

ದಾರಿಯುದ್ದಕ್ಕೂ ಹೇಳಲಿಲ್ಲ. ಇಳಿದ ಕೂಡಲೇ ಹಯಾತ್ ಒಲೆ ಒರೆಸಿ, ಪೇಪರಿನಲ್ಲಿ ಸುತ್ತಿ, ಕೈಗಿಟ್ಟ. “ನಿಮ್ಮ ಹಳೇದು ಸಾರ್.” ಒಳಗೆ ಹೋದ. ಅದು ತೊಡೆಯ ಮೇಲಿದೆ, ಅದರ ಮೇಲೇ ಈ ಪುಸ್ತಕ.

ಪೀರ್ ಬಾಷಾ ಏರುದನಿ ಕೇಳಿಸುತ್ತಿದೆ. “ಇವತ್ತಿಂದ ಸ್ಪ್ಯಾನರ್ ಮುಟ್ಬೇಡ!” ಐವತ್ತೈದರಲ್ಲಿ ಓಡಿಸಿದ್ದು ನಾನು, ಇಷ್ಟೇ ಹೇಳಬೇಕು. ಈ ಸಾಲು ಮುಗಿದ ಕೂಡಲೇ ಏಳುತ್ತೇನೆ.

ಪೀರ್ ಬಾಷಾ ಅವರೇ ಬಂದರು. ಕೈ ಮುಗಿಯುತ್ತಿದ್ದಾರೆ. “ಮಾಫ್ ಮಾಡಿ ಸಾರ್, ನನ್ನ ಮಗ...” ನಾನು —