ಕರೆಂಟು ಕಾರಿನಲ್ಲಿ ತವರಿಗೆ

ಚಿನಕುರಳಿ
12 ನವೆಂಬರ್ 2025, ಬುಧವಾರ

ನನ್ನ ಮುಂಗೋಪಿ ಮಗಳು ಸಹನಾಳಿಗೆ ಅವ್ವನ ಮುದ್ದು ಮತ್ತು ಆಶೀರ್ವಾದ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಮಾತ್ರ ಬರುವುದಿಲ್ಲ. ಅದಕ್ಕೇ ಈ ಕಾಗದ. ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಎದುರಿಗೆ ಇದನ್ನು ಹರಿದು ಹಾಕಲು ನಿನಗೆ ಮನಸ್ಸು ಬರಲಿಕ್ಕಿಲ್ಲ ಎಂಬ ಧೈರ್ಯ ನನಗಿದೆ.

ಮೊದಲು ಖುಷಿಯ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಸಿಕ್ಕಿತು ಕಣೇ! ನಮ್ಮ ಕಾರು ಯಾಕೆ ಚಾರ್ಜ್ ಆಗಲಿಲ್ಲ ಎಂಬುದು ಸಿಕ್ಕಿತು! ನಿನ್ನ ಸೀಮಂತದ ದಿನ ನನ್ನ ಮಾನ ಕಳೆದದ್ದು ಬ್ಯಾಟರಿಯಲ್ಲ, ಮೋಟಾರಲ್ಲ, ಶೋರೂಮಿನವರು ಬಡಬಡಿಸಿದ ಹಾಗೆ ಸಾಫ್ಟ್‌ವೇರೂ ಅಲ್ಲ. ಒಂದು ಚಿಟಿಕೆ ಕುಂಕುಮ!

ನಗಬೇಡ, ಪೂರ್ತಿ ಓದು. ಆ ದಿನದ ಬಗ್ಗೆ ನಿನಗೆ ಗೊತ್ತಿರುವುದು ಇಷ್ಟೇ. ಅವ್ವ ಹೊಸ ಕಾರಿನ ಹುಚ್ಚು ಹತ್ತಿಸಿಕೊಂಡು ಪಾಂಡವಪುರದ ಚಾರ್ಜರ್ ಮುಂದೆ ನಿಂತಿದ್ದಳು. ಇತ್ತ ನಾಗಮಂಗಲದಲ್ಲಿ ಮುಹೂರ್ತ ಮೀರಿತು. ತವರಿನ ಹಸಿರು ಬಳೆ ಬರಲಿಲ್ಲವೆಂದು ನಿಮ್ಮತ್ತೆಯೇ ತಮ್ಮ ಬಳೆ ತೊಡಿಸಿದರು. ನಾವು ಬಸ್ಸಿಳಿದು ಓಡಿ ಬಂದಾಗ ನೀನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, "ನಿಂಗೆ ಮಗ್ಳಿಗಿಂತ ಆ ಕಾರೇ ಎಚ್ಚಾಯ್ತಲ್ಲವ್ವ. ನಾ ಬಾಣಂತನಕ್ಕೂ ಬರಾಕಿಲ್ಲ, ಓಗು" ಅಂದುಬಿಟ್ಟೆ. ಅಷ್ಟು ಜನರ ಮುಂದೆ ನನಗೆ ಅಳು ಬಂದಿತ್ತು, ನುಂಗಿಕೊಂಡೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದಿಲ್ಲವೆಂದರೆ ನಾನು ಇನ್ನಾವ ಸಂಭ್ರಮಕ್ಕೆ ಬದುಕಬೇಕು ಹೇಳು.

ನಡೆದದ್ದು ಹೀಗೆ. ಹೊಸಹೊಳಲಿನ ದೇವಸ್ಥಾನದ ಮುಂದೆ ಕಾರಿಗೆ ಪೂಜೆ ಮಾಡಿಸಿದಾಗ ನೀನೂ ಇದ್ದೆ, ಅಳಿಯಂದಿರೂ ಇದ್ದರು. ಆಮೇಲೆ ನಮ್ಮ ಕಡೆಯ ನೆಂಟರನ್ನು ಸೀಮಂತಕ್ಕೆ ಕರೆಯಲು ಕೆ.ಆರ್. ಪೇಟೆ, ಕೆ.ಆರ್.ಎಸ್., ಶ್ರೀರಂಗಪಟ್ಟಣ ಎಲ್ಲ ಸುತ್ತಿದ್ದು ಶೋರೂಮಿನವರು ತುಂಬಿಸಿ ಕೊಟ್ಟಿದ್ದ ಚಾರ್ಜಿನಲ್ಲೇ. ಸೀಮಂತದ ಹಿಂದಿನ ಸಂಜೆ ಮೊದಲ ಸಲ ಮನೆಯಲ್ಲಿ ಪ್ಲಗ್ ಸಿಕ್ಕಿಸಿದೆ. ಹಸಿರು ದೀಪ ಬಂತು, ಕಣ್ಣಾರೆ ನೋಡಿದೆ, ಹೋಗಿ ಮಲಗಿದೆ. ಬೆಳಗ್ಗೆ ನೋಡಿದರೆ ಚಾರ್ಜು ಎಳ್ಳಷ್ಟೂ ಏರಿಲ್ಲ! ಪಾಂಡವಪುರದಲ್ಲಿ ದೊಡ್ಡ ಚಾರ್ಜರ್ ಇದೆಯಲ್ಲ, ಅರ್ಧ ಗಂಟೆಯಲ್ಲಿ ತುಂಬಿಕೊಂಡು ಹೋಗೋಣ ಎಂದು ಹೊರಟೆ. ಅಲ್ಲೂ ಅದೇ ಗೋಳು. ಪರದೆಯ ಮೇಲೆ 'ಸಂಪರ್ಕ ಆಗಲಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ಬರುವುದು, ನಾನು ಮತ್ತೆ ಪ್ರಯತ್ನಿಸುವುದು. ನಿಮ್ಮಪ್ಪ ಬೆವರು ಒರೆಸಿಕೊಳ್ಳುತ್ತಾ, "ಲೇ ಚಲುವಿ, ಎಮ್ಮೆ ಸೊರ ಬುಡ್ದೆ ಆಲು ಕಟ್ಕೊಂಡಂಗೆ ಆಟ ಆಡ್ತೈತೆ ಕಣೇ ಇದು. ಬಸ್ಸು ಅತ್ತು ನಡಿ" ಎಂದು ಹಟ ಹಿಡಿದ ಮೇಲೆಯೇ ನಾನು ಅಲ್ಲಿಂದ ಕದಲಿದ್ದು.

ಶೋರೂಮಿನವರು ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಕೊಳ್ಳಿ, ಸರಿಹೋಗುತ್ತದೆ ಎಂದರು. ಉಳಿದಿದ್ದ ಚಾರ್ಜಿನಲ್ಲೇ ಕಾರನ್ನು ಊರಿಗೆ ತಂದು, ಡೇರಿಯ ವೈಫೈ ಹಿಡಿಸಿ ಹಾಕಿದೆ. ಕಾರು ಹೊಸ ಹುಟ್ಟು ಪಡೆದ ಹಾಗೆ ಆಯಿತು, ಬ್ರೇಕಿಗೆ ಮೂರು ಹಂತ ಬಂದವು, ಪರದೆಯಲ್ಲಿ ಕನ್ನಡ ಬಂತು! ಚಾರ್ಜು ಮಾತ್ರ ಬರಲಿಲ್ಲ. ಆಗ ನನಗೆ ಛಲ ಬಂತು. ಹಾಲಿನ ಸಂಘದ ಕಾರ್ಯದರ್ಶಿಯಾಗಿ ಇಷ್ಟು ವರ್ಷ ಫ್ಯಾಟು ಅಳೆಯುವ ಮಿಷನ್ನು ಕೈಕೊಟ್ಟಾಗಲೆಲ್ಲ ನಾನೇ ತಾನೇ ಬಿಚ್ಚಿ ನೋಡಿದ್ದು? ಸ್ಟೇರಿಂಗಿನ ಕೆಳಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಸಾಧನವೊಂದನ್ನು ತರಿಸಿದೆ. ಅದು ಕಾರಿನ ಒಳಗುಟ್ಟನ್ನೆಲ್ಲ ಫೋನಿಗೆ ತಂದು ಸುರಿಯುತ್ತದೆ. ಏನು ಚಂದ ಅಂತೀಯಾ! ಬ್ಯಾಟರಿ ಎಂದರೆ ಒಂದೇ ಡಬ್ಬವಲ್ಲ ಸಹನಾ, ಒಳಗೆ ನೂರಕ್ಕೂ ಮೇಲೆ ಸೆಲ್ಲುಗಳಿವೆ. ನಾನು ಒಬ್ಬೊಬ್ಬರ ಹಾಲನ್ನೂ ಪರೀಕ್ಷೆ ಮಾಡಿ ಕ್ಯಾನಿಗೆ ಸುರಿಸುವ ಹಾಗೆ, ಸಾಫ್ಟ್‌ವೇರು ಒಂದೊಂದು ಸೆಲ್ಲನ್ನೂ ವಿಚಾರಿಸುತ್ತಲೇ ಇರುತ್ತದೆ. ಎಲ್ಲ ಸೆಲ್ಲೂ ಗುಂಡುಕಲ್ಲಿನ ಹಾಗಿದ್ದವು. ಹಾಗಾದರೆ ತೊಂದರೆ ಒಳಗಿಲ್ಲ, ಬಾಗಿಲಲ್ಲೇ ಇದೆ ಎಂದುಕೊಂಡೆ.

ಪ್ಲಗ್ ಸಿಕ್ಕಿಸುವ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ. ಅದರಲ್ಲಿ ದಪ್ಪ ತೂತುಗಳಿವೆ, ಅವು ಕರೆಂಟು ಹರಿಯಲು. ಎರಡು ಸಣ್ಣ ತೂತುಗಳಿವೆ, ಅವು ಮಾತಿಗೆ! ಹೌದು, ಕಾರೂ ಚಾರ್ಜರೂ ಮೊದಲು ಮಾತಾಡಿಕೊಳ್ಳುತ್ತವೆ. ಎಷ್ಟು ಕೊಡುತ್ತೀಯ, ಎಷ್ಟು ತಗೊಳ್ಳುತ್ತೀಯ ಎಂದು ಒಪ್ಪಂದವಾಗುವ ತನಕ ಒಂದು ತೊಟ್ಟು ಕರೆಂಟೂ ದಾಟುವುದಿಲ್ಲ. ಆ ಸಣ್ಣ ತೂತುಗಳಲ್ಲಿ ಒದ್ದೆ ಅರಿಶಿನ ಕುಂಕುಮ ಇಳಿದು ಒಣಗಿ ಕಲ್ಲಾಗಿತ್ತು! ಪೂಜೆಯ ದಿನ ಯಾರೋ ಪುಣ್ಯಾತ್ಗಿತ್ತಿ ಬಾನೆಟ್ಟಿಗೆ, ಚಕ್ರಕ್ಕೆ ಇಟ್ಟ ಹಾಗೆ ಅಲ್ಲಿಗೂ ಇಟ್ಟಿದ್ದಾರೆ. ಶೋರೂಮಿನವರಿಗೆ ತೋರಿಸಿದರೆ ಬಾಯಿ ಮುಚ್ಚಿಕೊಂಡು ನಕ್ಕರು. ಅದಕ್ಕೆಂದೇ ಇರುವ ಔಷಧಿ ಹಾಕಿ ತೊಳೆದು ಕೊಟ್ಟರು. ಪ್ಲಗ್ ಸಿಕ್ಕಿಸಿದೆ. ಕಟಕ್ ಎಂದಿತು ನೋಡು, ಅಂಕಿ ಸರಸರ ಏರಿತು. ನಾನು ಅಲ್ಲೇ ಚಪ್ಪಾಳೆ ಹೊಡೆದುಬಿಟ್ಟೆ. ಮಾತು ನಿಂತರೆ ಎಲ್ಲವೂ ನಿಂತುಹೋಗುತ್ತದೆ ಮಗಳೇ, ನಾವಿಬ್ಬರೂ ಈಗ ಹಾಗೇ ಆಗಿದ್ದೇವೆ.

ಈಗ ಬರೆಯುವುದನ್ನು ನಿಮ್ಮತ್ತೆ ದ್ಯಾವಮ್ಮನವರಿಗೆ ಗಟ್ಟಿಯಾಗಿ ಓದಿ ಹೇಳು. "ಕರೆಂಟಿನ ಮ್ಯಾಲೆ ಬಸ್ರಿ ಎಂಗ್ಸ ಕೂರ್ಸದು ಉಂಟಾ, ಡೀಸಲ್ ಗಾಡಿ ತರ್ಲಿ" ಅಂದರಂತೆ. ಬೀಗಿತ್ತಿಯವರೇ, ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಆದರೆ ಬ್ಯಾಟರಿ ಇರುವುದು ತಳದಲ್ಲಿ, ಉಕ್ಕಿನ ಪೆಟ್ಟಿಗೆಯಲ್ಲಿ, ನೀರೂ ಹೋಗದ ಹಾಗೆ. ಕರೆಂಟು ಎಲ್ಲಾದರೂ ಸೋರುತ್ತಿದೆಯಾ ಎಂದು ಕಾರು ಹೊರಡುವ ಮುಂಚೆ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ, ಅನುಮಾನ ಬಂದರೆ ಹೆಜ್ಜೆ ಕದಲಿಸುವುದಿಲ್ಲ. ಗೇರಿಲ್ಲ, ಆದ್ದರಿಂದ ಜರ್ಕಿಲ್ಲ. ಹೊಗೆಯಿಲ್ಲ, ಆದ್ದರಿಂದ ವಾಕರಿಕೆಯಿಲ್ಲ. ಎಂಜಿನ್ನಿನ ನಡುಕವಿಲ್ಲದ್ದರಿಂದ ಮಗು ಒಳಗೆ ನಿದ್ದೆಯನ್ನೂ ಕೆಡಿಸಿಕೊಳ್ಳುವುದಿಲ್ಲ.

ದಾರಿಯ ಚಿಂತೆಯೂ ಬೇಡ. ಪಾಂಡವಪುರ ದಾಟುವಾಗ ಕಬ್ಬಿನ ಟ್ರಾಕ್ಟರುಗಳು ಅಡ್ಡ ಸಿಗುತ್ತವೆ, ಅವುಗಳ ಹಿಂದೆ ನಿಧಾನಕ್ಕೆ ಹೋದರೆ ಚಾರ್ಜು ಇನ್ನೂ ಉಳಿಯುತ್ತದೆ. ಜಕ್ಕನಹಳ್ಳಿಯ ಹತ್ತಿರ ಬಣ್ಣ ಬಳಿಯದ ಹಂಪುಗಳಿವೆ. ಅಲ್ಲಿ ಬ್ರೇಕು ತುಳಿಯಲೇ ಬೇಕಾಗಿಲ್ಲ, ಕಾಲು ತೆಗೆದರೆ ಸಾಕು, ಮೋಟಾರೇ ಹಿಂದಕ್ಕೆ ಹಿಡಿದುಕೊಂಡು ಕರೆಂಟನ್ನು ಬ್ಯಾಟರಿಗೆ ವಾಪಸು ತುಂಬುತ್ತದೆ. ಇಳಿಜಾರಿನಲ್ಲಿ ಹೋಗುತ್ತಾ ಹೋಗುತ್ತಾ ಚಾರ್ಜು ಏರುವುದನ್ನು ನೋಡಬೇಕು ನೀನು! ಮೊನ್ನೆ ನಿಮ್ಮಪ್ಪ ಅದನ್ನು ನೋಡಿ, "ಇದೇನ್ಲಾ ಇದು, ಉಂಡ್ಕೊಂಡು ಓಡ್ತೈತಲ್ಲ" ಅಂದರು. ಹೆಂಡತಿಗೆ ಲಾ ಅಂದದ್ದು ಕೂಡ ಅವರಿಗೆ ಗೊತ್ತಾಗಲಿಲ್ಲ, ಅಷ್ಟು ಬೆರಗು.

ಒಂಬತ್ತು ತುಂಬುವ ಮುಂಚೆ ಬಂದುಬಿಡು ನನ್ನವ್ವ. ಸಮ ತಿಂಗಳೆಂದು ನಿಮ್ಮತ್ತೆ ಎಂಟರಲ್ಲಿ ಕಳಿಸಲಿಲ್ಲ, ಈಗ ಒಂಬತ್ತು ಹಿಡಿದಿದೆ. ಶುಕ್ರವಾರ ಸೊಸೆಯನ್ನು ಹೊಸ್ತಿಲು ದಾಟಿಸುವುದಿಲ್ಲ, ಮಂಗಳವಾರವೂ ಆಗದು. ಗುರುವಾರ ಒಳ್ಳೆಯದು. ನಡುಮನೆಗೆ ಸುಣ್ಣ ಹೊಡೆಸಿದ್ದೇನೆ, ಒಲೆಯ ಮೇಲೆ ನೀರು ಕಾಯಿಸಲು ದೊಡ್ಡ ಹಂಡೆ ಬೆಳಗಿ ಇಟ್ಟಿದ್ದೇನೆ. ನನಗೆ ನಿನ್ನ ಮೇಲೆ ಒಂದು ಸಾಸಿವೆಯಷ್ಟೂ ಕೋಪವಿಲ್ಲ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ.

ಕಾರಿನ ಹುಚ್ಚು ಅರ್ಧ, ನಿನ್ನ ಹುಚ್ಚು ಪೂರ್ತಿ ಇರುವ
ನಿನ್ನ ಅವ್ವ,
ಚಲುವಮ್ಮ

ಮರೆತ ಮಾತು (ಇದನ್ನು ನೀನೊಬ್ಬಳೇ ಓದು, ಅತ್ತೆಗೆ ಓದಿ ಹೇಳಬೇಡ): ಆ ಪುಣ್ಯಾತ್ಗಿತ್ತಿ ಯಾರೆಂದು ನನಗೆ ಗೊತ್ತು. ಆ ಬಾಯಿಯ ಮುಚ್ಚಳದ ಒಳಬದಿಯಲ್ಲೂ ಬೊಟ್ಟಿತ್ತು. ಮೇಲೆ ಎರಡು ಅರಿಶಿನ, ಕೆಳಗೆ ಒಂದು ಕುಂಕುಮ. ಲಂಗ ತೊಡುತ್ತಿದ್ದಾಗಿನಿಂದ ನಮ್ಮ ಹಸುಗಳ ಹಣೆಗೆ ಹಾಗೆ ಇಡುತ್ತಿದ್ದವಳು ಈ ತಾಲ್ಲೂಕಿನಲ್ಲಿ ಒಬ್ಬಳೇ. ಅದು ಉಣ್ಣುವ ಬಾಯಿಗೂ ಪೂಜೆಯಾಗಲಿ ಎಂದು ಹರಸಿ ಇಟ್ಟಿದ್ದೀಯ, ಅದರಲ್ಲಿ ತಪ್ಪೇನು ಬಂತು? ತೂತುಗಳನ್ನಷ್ಟೇ ತೊಳೆಸಿದೆ. ಮುಚ್ಚಳದ ಬೊಟ್ಟನ್ನು ಮುಟ್ಟಲು ಬಿಡಲಿಲ್ಲ. ದಿನಾ ಚಾರ್ಜಿಗೆ ಹಾಕುವಾಗ ನಿನ್ನ ಬೆರಳು ನೋಡುತ್ತೇನೆ.

ಇನ್ನೊಂದು. ಇವತ್ತು ಗುರುವಾರ. ನಿಮ್ಮಪ್ಪ ಬಸ್ಸಿನಲ್ಲಿ ಬಂದೆ ಎಂದಿದ್ದರೆ ಅದು ಸುಳ್ಳು, ಹೇಳಿಕೊಟ್ಟವಳು ನಾನೇ. ಸ್ಟೇರಿಂಗಿನ ಮೇಲೆ ಕಾಗದ ಇಟ್ಟುಕೊಂಡು ಈ ಸಾಲು ಬರೆಯುತ್ತಿದ್ದೇನೆ, ನಿಮ್ಮ ಬೀದಿಯ ತಿರುವಿನಲ್ಲಿ. ಹಂಪುಗಳೆಲ್ಲ ನನಗೆ ಬಾಯಿಪಾಠವಾದದ್ದು ಹೇಗೆಂದುಕೊಂಡೆ? ಇಲ್ಲಿಯವರೆಗೆ ಬರುವುದು, ನಿಮ್ಮ ಮನೆ ಬಾಗಿಲು ನೋಡುವುದು, ಧೈರ್ಯ ಸಾಲದೆ ತಿರುಗಿಸಿಕೊಂಡು ಹೋಗುವುದು, ಇದೇ ಆಗಿತ್ತು. ಸದ್ದಿಲ್ಲದ ಕಾರು ನೋಡು, ನಿನಗೆ ಒಂದು ಸಲವೂ ಕೇಳಿಸಲಿಲ್ಲ.

ನಿಮ್ಮಪ್ಪನನ್ನು ಹಿಂದೆ ಕೂರಿಸಿ, ಪಕ್ಕದ ಸೀಟಿನಲ್ಲಿ ನಿನ್ನ ಮಡ್ಲಕ್ಕಿ ಮೂಟೆ, ಹಸಿರು ಬಳೆ ಇಟ್ಟಿದ್ದೇನೆ. ಭಾರಕ್ಕೆ ಯಾರೋ ಕೂತಿದ್ದಾರೆಂದು ತಿಳಿದು ಕಾರು ಚಿನಕುರಳಿಯಿಂದಲೇ ಟಿಣ್ ಟಿಣ್ ಎಂದು ಗಲಾಟೆ ಮಾಡಿತು. ಅಕ್ಕಿಗೇ ಬೆಲ್ಟು ಹಾಕಿ ಕರೆತಂದಿದ್ದೇನೆ. ಬೇಗ ಬಾ ಕೂಸೇ, ಅಕ್ಕಿಯನ್ನು ಹಿಂದಕ್ಕೆ ಹಾಕಿ ಆ ಬೆಲ್ಟು ನಿನಗೆ ಹಾಕಬೇಕು.