ಅಕ್ಕ ಓದಿ ಹೇಳಿದ ಗೇಮು

೧೪ ಸೆಪ್ಟೆಂಬರ್ ೨೦೨೫, ಭಾನುವಾರ, ಮುಂಡರಗಿ

ಹಳೆಯ ಗೇಮನ್ನು ಮತ್ತೆ ಹೊಸದಾಗಿ ಯಾಕೆ ಮಾಡಬೇಕು? ಬೆಳಗ್ಗೆಯಿಂದ ಇದೇ ತಲೆಯಲ್ಲಿ. ಗೆಳೆಯ ಪರಶುರಾಮ ತನ್ನ ಮೊಬೈಲ್ ಅಂಗಡಿಗೆ ಕರೆದು ತೋರಿಸಿದ. ನಾನು, ಮಮತಕ್ಕ ಸಣ್ಣವರಿದ್ದಾಗ ಆಡುತ್ತಿದ್ದ ಕುದುರೆ ಸವಾರನ ಗೇಮಿನ ಎರಡನೇ ಭಾಗ, ಅದನ್ನೇ ಹೊಸದಾಗಿ ಮಾಡಿದ್ದಾರೆ. ಈಗ ಅದರಲ್ಲಿ ಹಿಂದಿ ಮಾತು ಹಾಕಿದ್ದಾರೆ.

ಆಗ ಬರೀ ಇಂಗ್ಲಿಷ್ ಅಕ್ಷರ. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಕನೇ ಓದಿ ಹೇಳುತ್ತಿದ್ದಳು. ಸವಾರ ಕಳೆದುಹೋದ ತಮ್ಮನನ್ನು ಹುಡುಕುತ್ತಿದ್ದಾನಂತೆ. "ತಮ್ಮಗ ಹಸಿವಿ ಆಗೈತಂತ, ಜಲ್ದಿ ಓಡಿಸೋ" ಎನ್ನುತ್ತಿದ್ದಳು. ನಾನು ಜೀವ ಬಿಟ್ಟು ಓಡಿಸುತ್ತಿದ್ದೆ.

ಇವತ್ತು ಸವಾರ ಬಾಯಿ ತೆರೆದ. ಅವನಿಗೆ ತಮ್ಮನೇ ಇಲ್ಲ. ನಿಧಿ ಕದಿಯಲು ಹೊರಟವನು.

"ನಿಮ್ಮಕ್ಕಗೂ ಇಂಗ್ಲಿಷ್ ಬರ್ತಿದ್ದಿಲ್ಲ ಬಿಡಲೇ, ಎಲ್ಲಾ ಹುಟ್ಟಿಸಿ ಹೇಳ್ಯಾಳ" ಎಂದು ಪರಶುರಾಮ ನಕ್ಕ. "ಕುದುರಿ ನೋಡ, ಖರೇನ ಉಸುರಾಡಿದಂಗ ಐತಿ." ನಾನೂ ನಕ್ಕೆ.

ಅಕ್ಕ ತೀರಿಕೊಂಡು ಎರಡು ವರ್ಷ. ಅವಳು ಹೇಳಿದ ಕತೆ ಮರೆಯುವ ಮೊದಲು ಬರೆದಿಡಬೇಕೆಂದು ಕೂತಿದ್ದೇನೆ. ತಪ್ಪು ಬರೆದರೆ ತಿದ್ದುವವರಿಲ್ಲ ಎಂಬ ಹೆದರಿಕೆ. ಅವಳ ದನಿ ನೆನೆಯಲು ಹೋದರೆ ಆ ಹಿಂದಿಯವನ ದನಿಯೇ ಅಡ್ಡ ಬರುತ್ತಿದೆ. ಕಡೆಗೆ ತಮ್ಮ ಸಿಕ್ಕನೋ ಇಲ್ಲವೋ, ಅಕ್ಕ ಏನು ಹೇಳಿದ್ದಳು? ಸಿಕ್ಕ ಅಂತಲೇ ಹೇಳಿರಬೇಕು, ನಾನು ಅಳಬಾರದೆಂದು.