ಆ ಫ್ಲ್ಯಾಟಿಗೆ ಒಪ್ಪುವ ಪ್ರಾಣಿ

ಗುರುವಾರ
ಅಂಗಡಿಯಲ್ಲಿ, ಮಧ್ಯಾಹ್ನದ ಊಟ ಬಿಟ್ಟು

ನನ್ನ ಪೀಪಿಗೆ,

ಅಮ್ಮನ ಆಶೀರ್ವಾದ. ಊಟ ಬಿಟ್ಟು ಅಂತ ಮೇಲೆ ಬರೆದದ್ದನ್ನು ನೋಡಿ ಗಾಬರಿಯಾಗಬೇಡ. ಡಬ್ಬಿ ಮುಂದೆಯೇ ಇದೆ, ತೆಗೆಯಲು ಮನಸ್ಸಿಲ್ಲ. ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಕೂತರೆ ಯಾರಿಗೂ ಅನ್ನ ಸೇರುವುದಿಲ್ಲ.

ರೆಕ್ಸಿನ್ ಹೊದಿಸಲು ಕಳಿಸಿದ ಸೋಫಾದ ಜೊತೆ ನಿನ್ನ ಚೀಟಿಯೂ ಬಂತು. ಫ್ಲ್ಯಾಟಿನಲ್ಲಿ ಸಾಕಲು ಯಾವ ಪ್ರಾಣಿ ಒಳ್ಳೆಯದು ಅಂತ ಕೇಳಿದ್ದೀಯ. ಪ್ರಾಣಿ ಮಾರುವವನನ್ನು ಕೇಳಿದರೆ ಎಲ್ಲವೂ ಬಂಗಾರ ಅಂತಾನೆ, ಅಮ್ಮ, ನೀನು ಊರವರ ಸೋಫಾ ಬಿಚ್ಚಿ ಹೊಲಿಯುವವಳು, ಯಾವ ಪ್ರಾಣಿ ಏನು ಮಾಡುತ್ತದೆ ಅಂತ ನಿನಗೆ ಗೊತ್ತಿರುತ್ತದೆ ಅಂತ ಬರೆದಿದ್ದೀಯ. ಅದೇನೋ ನಿಜ. ಜನ ಸೋಫಾದ ಮೇಲೆ ಕೂರುತ್ತಾರೆ, ನಾನು ತಳದ ಬಟ್ಟೆ ಕಿತ್ತು ಒಳಗೆ ಕೈ ಹಾಕುತ್ತೇನೆ. ಇಷ್ಟು ವರ್ಷ ಕೈ ಹಾಕಿ ಹಾಕಿ ನನಗೆ ಯಾವ ಪ್ರಾಣಿಯ ಮೇಲೂ ಪ್ರೀತಿ ಉಳಿದಿಲ್ಲ. ಸಾಕುವವರ ಮೇಲಂತೂ ಮೊದಲೇ ಇರಲಿಲ್ಲ.

ಅಳಿಯಂದಿರು ಕೊನೆಗೂ ಒಪ್ಪಿದರು, ಆದರೆ ಕೂದಲು ಉದುರಬಾರದು, ವಾಸನೆ ಬರಬಾರದು, ಸದ್ದು ಮಾಡಬಾರದು, ಹಾಸಿಗೆ ಹತ್ತಬಾರದು, ತಿನ್ನುವುದೆಲ್ಲ ಬಾಲ್ಕನಿಯಲ್ಲೇ ಆಗಬೇಕು, ಯಾರಾದರೂ ಮನೆಗೆ ಬಂದರೆ ತಾನಾಗಿಯೇ ಒಳಗೆ ಹೋಗಿ ಕೂರಬೇಕು ಅಂದರು ಅಂತಲೂ ಬರೆದಿದ್ದೀಯ. ಮೊದಲ ಸಲ ಓದಿದಾಗ ನನಗೆ ನಗುವೇ ಬಂತು. ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ತುಂಬುವ ಕೋಣೆಗೆ ಮೇಲ್ವಿಚಾರಕರು, ದಿನವಿಡೀ ಬಿಳಿ ಗೌನು ತೊಟ್ಟು ಧೂಳು ಹುಡುಕುವುದೇ ಉದ್ಯೋಗ, ಮನೆಯಲ್ಲಿ ಇನ್ನೇನು ಹೇಳಿಯಾರು ಅಂದುಕೊಂಡೆ. ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಸ್ಟೂಲಿನ ಮೇಲೆ ಕರವಸ್ತ್ರ ಹಾಸಿ ಕೂತಿದ್ದರಲ್ಲ, ನೆನಪಿದೆಯಾ. ನೀನು ತಡೆಯಲಾರದೆ ನಕ್ಕ ನಗುವಿಗೆ ಪಕ್ಕದ ಪ್ರೆಸ್ಸಿನವರು ಏನಾಯ್ತು ಅಂತ ಎದ್ದು ಬಂದಿದ್ದರು. ಚಿಕ್ಕಂದಿನಿಂದಲೂ ನೀನು ಹಾಗೇ ಅಲ್ಲವಾ, ಅದಕ್ಕೇ ತಾನೆ ಪೀಪಿ ಅಂತ ಕರೆದದ್ದು.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾಯಿ ಬೇಡ. ಕೋರ್ಟ್ ರಸ್ತೆಯಲ್ಲಿ ಒಬ್ಬರು ವಕೀಲರಿದ್ದಾರೆ, ನಾಲ್ಕನೇ ಮಹಡಿ. ಅವರ ನಾಯಿ ನನ್ನ ಮುಖ ನೆಕ್ಕಿತು, ನಾನು ಅವರ ಬಾತ್‌ರೂಮಿಗೇ ಹೋಗಿ ಅವರದೇ ಸೋಪು ಹಾಕಿ ಉಜ್ಜಿಕೊಂಡೆ. ಆ ಸೋಫಾದ ಸಂದಿಗೆ ಕೈ ಹಾಕಿದರೆ ಅರ್ಧ ಕಡಿದ ಮೂಳೆ, ಬೂಸು ಹಿಡಿದ ಬಿಸ್ಕತ್ತು, ಒಂಟಿ ಕಾಲುಚೀಲ, ಅದರೊಳಗೆ ಏನೋ ಗಟ್ಟಿ. ಕೊಡವಿದೆ. ಬಿದ್ದದ್ದು ಒಂದು ಹಲ್ಲಿನ ಸೆಟ್ಟು. ವಕೀಲರ ತಂದೆಯದಂತೆ. ಅದು ಕಾಣೆಯಾದಾಗ, ಎಲ್ಲೋ ಬಿಟ್ಟು ಬಂದಿರಿ ಅಂತ ಮನೆಮಂದಿಯೆಲ್ಲ ಆ ಮುದುಕರ ಮೇಲೆ ಹರಿಹಾಯ್ದಿದ್ದರಂತೆ. ನಾಯಿಕೂದಲು ಮೆತ್ತಿಕೊಂಡು ಆ ಹಲ್ಲುಗಳಿಗೆ ಮೀಸೆ ಬಂದ ಹಾಗಾಗಿತ್ತು. ನಾನು ಇಕ್ಕಳದಲ್ಲಿ ಹಿಡಿದು ಕೊಟ್ಟೆ. ಮುದುಕರು ನಲ್ಲಿಯ ಕೆಳಗೆ ಒಂದು ಸಲ ಹಿಡಿದು, ಒದರಿ, ಬಾಯಿಗೆ ಹಾಕಿಕೊಂಡು, ಹಾಂ, ಇದೇ ಸರಿ, ಹೊಸದು ಕಚ್ತಾ ಇತ್ತು ಅಂದರು. ನಾನು ಆ ಮನೆಯಲ್ಲಿ ಕೊಟ್ಟ ಕಾಫಿ ಕುಡಿಯಲಿಲ್ಲ.

ಬೆಕ್ಕು ಅದಕ್ಕಿಂತ ಹೇಸಿಗೆ. ಬ್ಯೂಟಿ ಪಾರ್ಲರ್ ನಡೆಸುವ ಆ ಹೆಂಗಸು ಗೊತ್ತಲ್ಲ, ನಮ್ಮ ಬೆಕ್ಕು ಅಂಥದ್ದಲ್ಲ ಕಣ್ರೀ, ನಮಗಿಂತ ನೀಟು ಅಂತ ಹೇಳುತ್ತ ನಿಂತಿದ್ದಳು. ನಾನು ಬಟ್ಟೆ ಎಳೆದರೆ ಸ್ಪಂಜು ಈ ತುದಿಯಿಂದ ಆ ತುದಿಗೆ ಹಳದಿ. ಟೆರೇಸಿನಲ್ಲಿ ಒಣಗಲು ಹಾಕಿದೆ. ಪ್ರೆಸ್ಸಿನವರು ಬಂದು ಮೇಲೆ ಏನಾದ್ರೂ ಸತ್ತಿದ್ಯಾ ನೋಡ್ರಿ ಅಂದರು. ಆ ನಾತ ಮೂಗಿನಲ್ಲೇ ಮನೆ ಮಾಡಿಕೊಂಡು ಒಂದು ವಾರ ನಾನು ಏನು ತಿಂದರೂ ಬೆಕ್ಕನ್ನೇ ತಿಂದ ಹಾಗಿತ್ತು. ಆ ಹೆಂಗಸಿಗೆ ಮಾತ್ರ ಯಾವ ವಾಸನೆಯೂ ಬರುತ್ತಿರಲಿಲ್ಲ. ಜೊತೆಯಲ್ಲೇ ಇದ್ದವರಿಗೆ ಬರುವುದಿಲ್ಲ, ಅದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಗಿಣಿಯ ಹಿಕ್ಕೆ ಒಣಗಿ ಸುಣ್ಣದಂತೆ ಹೊಲಿಗೆಯೊಳಗೆ ಸೇರಿಕೊಳ್ಳುತ್ತದೆ, ಉಗುರಿನಲ್ಲಿ ಕೆರೆದು ತೆಗೆಯಬೇಕು. ಇನ್ನು ಬಿಳಿ ಇಲಿ. ಪಂಜರದಲ್ಲಿ ಇರುತ್ತೆ, ಪುಟ್ಟದು, ಯಾರಿಗೂ ತೊಂದರೆ ಇಲ್ಲ ಅಂತಾರೆ. ಒಂದು ಮನೆಯಲ್ಲಿ ಅದು ಪಂಜರದಿಂದ ತಪ್ಪಿಸಿಕೊಂಡು ಸೋಫಾದ ನಾರಿನಲ್ಲಿ ಗೂಡು ಮಾಡಿ ಮರಿ ಹಾಕಿತ್ತು. ನಾನು ಬಟ್ಟೆ ಕಿತ್ತೆನಲ್ಲ, ಬೆದರಿದ ತಾಯಿ ಇನ್ನೂ ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳನ್ನು ನನ್ನೆದುರೇ ಒಂದೊಂದಾಗಿ ತಿನ್ನತೊಡಗಿತು. ಅವತ್ತು ಮನೆಗೆ ಬಂದು ವಾಂತಿ ಮಾಡಿಕೊಂಡೆ. ಆಮೇಲೆ ಆ ಬಣ್ಣದ ಬಟ್ಟೆಯನ್ನು ಅಂಗಡಿಗೆ ತರಿಸಿಲ್ಲ.

ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತ ಬಂದರೆ ಕೊನೆಗೆ ಮೀನು ಉಳಿಯಿತು. ನೀರು ಬದಲಿಸದಿದ್ದರೆ ಅದೂ ಗಬ್ಬು ನಾರುತ್ತದೆ, ಸತ್ತರೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತದೆ. ಆದರೂ ಅಳಿಯಂದಿರ ಷರತ್ತಿಗೆ ಹೊಂದುವುದು ಅದೊಂದೇ. ಮೀನು ತಂದುಕೊಳ್ಳಿ ಅಂತ ಒಂದು ಸಾಲು ಬರೆದು ಮುಗಿಸುವವಳಿದ್ದೆ. ಆಗ ನಿನ್ನ ಚೀಟಿಯ ಕೊನೆಯ ಸಾಲು ಇನ್ನೊಮ್ಮೆ ಕಣ್ಣಿಗೆ ಬಿತ್ತು. ಸೋಫಾದ ಮೇಲೆ ಪಕ್ಕದಲ್ಲಿ ಬಂದು ಮಲ್ಕೊಳ್ಳೋ ಅಂಥದ್ದಾದ್ರೆ ಚೆನ್ನಾಗಿರುತ್ತಮ್ಮ, ಸ್ವಲ್ಪ ಬೆಚ್ಚಗಿರೋದು, ಅಂತ ಬರೆದಿದ್ದೆ. ಇವಳಿಗೇನು ತಲೆ ಕೆಟ್ಟಿದೆಯಾ, ಹಾಸಿಗೆ ಹತ್ತಬಾರದು ಅಂತ ಇವಳೇ ಬರೆಯುತ್ತಾಳೆ, ಪಕ್ಕದಲ್ಲಿ ಮಲಗಬೇಕು ಅಂತಲೂ ಇವಳೇ ಬರೆಯುತ್ತಾಳೆ ಅಂತ ಬೈದುಕೊಂಡೆ.

ಸೋಮವಾರ ಬೆಳಿಗ್ಗೆ ನಿನ್ನ ಸೋಫಾ ಬಿಚ್ಚಿದೆ.

ಜನ ಕೂತು ಟೀವಿ ನೋಡುವ ಸೋಫಾದಲ್ಲಿ ಸ್ಪಂಜು ಕೂತ ಕೂತ ಜಾಗದಲ್ಲಿ ಗುಂಡಗೆ ತಗ್ಗಾಗಿರುತ್ತದೆ. ನಿನ್ನದರಲ್ಲಿ ಒಂದೇ ತಗ್ಗು, ಉದ್ದಕ್ಕೆ. ಭುಜದ ಹತ್ತಿರ ಒಂದಿಷ್ಟು, ಸೊಂಟದ ಹತ್ತಿರ ಇನ್ನಷ್ಟು ಆಳ, ಆಮೇಲೆ ಮಂಡಿ ಮಡಚಿದ ಕಡೆ ಓರೆ. ಕೈಯೂರುವ ಒಂದು ಕೈಪಟ್ಟಿಯ ಒಳಗಡೆ ತಲೆಯ ಜಿಡ್ಡು ಬಟ್ಟೆ ದಾಟಿ ಸ್ಪಂಜಿನವರೆಗೆ ಇಳಿದಿತ್ತು. ಇನ್ನೊಂದು ಕೈಪಟ್ಟಿ ಕಾಲ್ಬೆರಳು ತಾಗಿ ತಾಗಿ ಸವೆದಿತ್ತು. ಮಧ್ಯಾಹ್ನ ಒಂದು ನಿದ್ದೆ ತೆಗೆದರೆ ಹೀಗಾಗುವುದಿಲ್ಲ ಮಗಳೇ. ವರ್ಷಗಟ್ಟಲೆ ರಾತ್ರಿಯಿಡೀ ಒಬ್ಬರೇ ಮಲಗಬೇಕು.

ಅಳಿಯಂದಿರೇ ಮುನಿಸಿಕೊಂಡು ಅಲ್ಲಿ ಮಲಗುತ್ತಾರೇನೋ ಅಂತ ನನ್ನ ಮನಸ್ಸು ಮೊದಲು ಅತ್ತ ಓಡಿತು. ಓಡಲಿ ಅಂತ ನಾನೂ ಬಿಟ್ಟೆ. ಆಮೇಲೆ ಬೆನ್ನಿನ ಸಂದಿಗೆ ಕೈ ಹಾಕಿದೆ. ನಿನ್ನ ಹೇರ್ ಕ್ಲಿಪ್ಪು ಸಿಕ್ಕಿತು. ಪರದೆಯ ತುಂಡಿನಲ್ಲಿ ನಾನೇ ಹೊಲಿದುಕೊಟ್ಟ ತಲೆಬಟ್ಟೆ ಸಿಕ್ಕಿತು, ಗಂಟು ಹಾಕಿದ ಹಾಗೇ ಇತ್ತು. ಅದರ ಕೆಳಗೆ ಅಂಟುಕಾಗದದ ಉಂಡೆಗಳು. ಆ ಕಾಗದ ನನಗೆ ಚೆನ್ನಾಗಿ ಗೊತ್ತು. ಹಿಡಿಗೆ ಸುತ್ತಿರುತ್ತದೆ, ಸೋಫಾದ ಮೇಲೆ ಉರುಳಿಸಿ ಕೂದಲು ತೆಗೆದು ಹರಿದು ಎಸೆಯುವುದು. ಬೆಕ್ಕು ನಾಯಿ ಇರುವ ಪ್ರತಿ ಮನೆಯಲ್ಲೂ ಅದು ಸಿಗುತ್ತದೆ, ಉಂಡೆ ಬಿಡಿಸಿದರೆ ಗಿಡ್ಡ ಕೂದಲು. ನಿನ್ನ ಮನೆಯಲ್ಲಿ ಇನ್ನೂ ಪ್ರಾಣಿಯೇ ಇಲ್ಲ. ನಾನು ಬಿಡಿಸಿ ನೋಡಿದೆ. ಉದ್ದ ಕೂದಲು, ಕಪ್ಪು, ತುದಿಯಲ್ಲಿ ಸ್ವಲ್ಪ ಗುಂಗುರು. ನಾನು ಬಾಚಿ ಜಡೆ ಹಾಕಿದ ಕೂದಲು ನನಗೆ ಗುರುತಾಗುವುದಿಲ್ಲವಾ.

ಹಲ್ಲಿನ ಸೆಟ್ಟಿಗೆ, ಬೆಕ್ಕಿನ ಉಚ್ಚೆಗೆ, ಮರಿ ತಿಂದ ಇಲಿಗೆ ಬಂದ ವಾಕರಿಕೆ ಏನೂ ಅಲ್ಲ. ಅವತ್ತು ಆ ಉಂಡೆಗಳನ್ನು ಕೈಯಲ್ಲಿ ಹಿಡಿದು ಕೂತಾಗ ಬಂದದ್ದೇ ವಾಕರಿಕೆ. ನೀನು ಬೆಳಿಗ್ಗೆ ಎದ್ದು, ನೀನು ಮಲಗಿದ ಗುರುತನ್ನು ನೀನೇ ಅಂಟಿಸಿ ಕಿತ್ತು, ಕಸದ ಬುಟ್ಟಿಗೆ ಹಾಕಿದರೂ ಅವನ ಕಣ್ಣಿಗೆ ಬೀಳುತ್ತದೆ ಅಂತ ಸಂದಿಯಲ್ಲಿ ತುರುಕುತ್ತಿದ್ದೆಯಾ. ನೋಡು, ಇನ್ನು ಮುಂದೆ ನನ್ನ ಪೆನ್ನಿಗೆ ಅಳಿಯಂದಿರು, ಅವರು ಅನ್ನುವುದು ಬರುವುದಿಲ್ಲ. ಅವನು ಅಂತಲೇ ಬರೆಯುತ್ತೇನೆ.

ಆಮೇಲೆ ನಿನ್ನ ಚೀಟಿಯನ್ನು ಮತ್ತೆ ಓದಿದೆ. ಹಿಂದಿನ ಸಲ ನಾನು ಬಂದಾಗ ನೀನು ತಟ್ಟೆ ಹಿಡಿದು ಬಾಲ್ಕನಿಯಲ್ಲಿ ನಿಂತು ಉಂಡೆ, ಒಳಗೆ ಬಾರೇ ಅಂದರೆ ನಂಗೆ ಇಲ್ಲಿ ಗಾಳಿ ಚೆನ್ನಾಗಿದೆ ಅಂದೆ. ಫೋನಿನಲ್ಲಿ ಪಿಸುಗುಡುತ್ತೀಯ, ಗಂಟಲು ಸರಿಯಿಲ್ಲ ಅಂತೀಯ. ಎರಡು ವರ್ಷದಿಂದ ಯಾರ ಗಂಟಲು ಕೆಟ್ಟಿರುತ್ತದೆ. ಅವನ ಆಫೀಸಿನವರು ಬಂದ ದಿನ ನನಗೆ ಫೋನ್ ಮಾಡಿದ್ದೆ, ಒಳಗಿನ ರೂಮಿನಲ್ಲಿ ಸುಮ್ನೆ ಕೂತಿದ್ದೀನಿ, ಬೇಜಾರು ಅಂತ. ನೀನು ತಲೆಗೆ ಎಣ್ಣೆ ಹಚ್ಚುವುದು ಬಿಟ್ಟೆ, ಅವನಿಗೆ ವಾಸನೆ ಅಂತೆ. ಕೂದಲು, ವಾಸನೆ, ಸದ್ದು, ಹಾಸಿಗೆ, ಬಾಲ್ಕನಿ, ಒಳಗಿನ ರೂಮು. ಯಾವ ಪ್ರಾಣಿ ಆ ಫ್ಲ್ಯಾಟಿಗೆ ಒಪ್ಪುತ್ತದೆ ಅಂತ ನನ್ನನ್ನು ಕೇಳಿದ್ದೀಯಲ್ಲ. ಅವನ ಷರತ್ತಿಗೆಲ್ಲ ತಲೆಬಾಗಿ ಬದುಕುವ ಪ್ರಾಣಿ ಆ ಮನೆಯಲ್ಲಿ ಆಗಲೇ ಒಂದಿದೆ. ಅದನ್ನು ಹೆತ್ತವಳು ನಾನು.

ಮಂಗಳವಾರ ಅವನಿಗೆ ಫೋನ್ ಮಾಡಿದೆ. ನೀವು ಹೇಳಿದ ಬೂದಿ ಬಣ್ಣದ ರೆಕ್ಸಿನ್ ಸಿಕ್ಕಿಲ್ಲ, ಇನ್ನೂ ತಿಂಗಳಾಗಬಹುದು ಅಂತ ಸುಳ್ಳು ಹೇಳಿದೆ. ಸುರುಳಿ ನನ್ನ ಕಾಲ ಬಳಿಯೇ ಬಿದ್ದಿತ್ತು. ಅಯ್ಯೋ ಅಷ್ಟು ದಿನ ಹೇಗೆ ಅತ್ತೆ ಅಂತ ಒಂದು ಮಾತು ಬರುತ್ತದೇನೋ ಅಂತ ಕಾದೆ. ಬಂದಿದ್ದರೆ ಈ ಪತ್ರವನ್ನು ಸ್ವಲ್ಪ ಮೆತ್ತಗೆ ಬರೆಯುತ್ತಿದ್ದೆ. ಅವನು, ಆರಾಮಾಗಿ ಮಾಡಿ ಅತ್ತೆ, ಅರ್ಜೆಂಟೇನಿಲ್ಲ, ಸೋಫಾ ಹೋದ್ಮೇಲೆ ಹಾಲ್ ಎಷ್ಟು ಕ್ಲೀನಾಗಿ ಕಾಣ್ತಿದೆ ಗೊತ್ತಾ ಅಂದ. ನಾನು ಫೋನಿಟ್ಟು ಕೈ ತೊಳೆದುಕೊಂಡೆ. ಸೋಪು ಹಾಕಿ ಎರಡು ಸಲ ತೊಳೆದುಕೊಂಡೆ.

ಪೀಪಿ, ಸೋಫಾ ನನ್ನ ಹತ್ತಿರ ಬಂದು ವಾರದ ಮೇಲಾಯಿತು. ಈಗ ನೀನು ಎಲ್ಲಿ ಮಲಗುತ್ತಿದ್ದೀಯ?

ಇದೊಂದನ್ನು ಕೇಳಲು ಮೂರು ದಿನದಿಂದ ಬರೆಯುವುದು, ಹರಿಯುವುದು ಮಾಡುತ್ತಿದ್ದೇನೆ. ನೆಲದ ಮೇಲಾ. ಆ ಟೈಲ್ಸು ಮಧ್ಯಾಹ್ನವೂ ಕಾಲಿಗೆ ತಣ್ಣಗೆ ಹತ್ತುತ್ತದೆ. ಬೆಚ್ಚಗಿರೋದು ಒಂದು ಬೇಕು ಅಂತ ನೀನು ಬರೆದದ್ದು ಯಾಕೆ ಅಂತ ಈಗ ಗೊತ್ತಾದ ಮೇಲೆ ನನಗೆ ಅಂಗಡಿಯ ಮೇಲಿನ ರೂಮಿಗೆ ಹೋಗಿ ನನ್ನ ಹಾಸಿಗೆಯಲ್ಲಿ ಮಲಗುವುದೇ ನಾಚಿಕೆಯಾಗುತ್ತಿದೆ.

ನೀನು ಅವನನ್ನು ಬಿಟ್ಟುಬಿಡು ಅಂತ ನಾನು ಬರೆಯುತ್ತಿಲ್ಲ. ಅದು ನಿನ್ನ ಸಂಸಾರ, ನಿನ್ನ ತೀರ್ಮಾನ. ನನ್ನ ಕಸುಬಿಗೆ ಸಂಬಂಧಪಟ್ಟಷ್ಟನ್ನು ಮಾತ್ರ ಹೇಳುತ್ತೇನೆ. ಆ ಮನೆಗೆ ಯಾವ ಪ್ರಾಣಿಯನ್ನೂ ತರಬೇಡ. ನಾನು ಅವುಗಳನ್ನು ಕಂಡರಾಗದವಳು, ನಿನಗೂ ಗೊತ್ತು. ಆದರೂ ಆ ನಾಯಿ, ಆ ಉಚ್ಚೆಬುರುಕ ಬೆಕ್ಕು, ಅವು ಕೂಡ ಇದ್ದ ಮನೆಯಲ್ಲಿ ಯಜಮಾನಿಕೆಯಿಂದ ಸೋಫಾ ಹಾಳುಮಾಡಿಕೊಂಡು ಇದ್ದವು. ಯಾವ ಬೆಕ್ಕೂ ತನ್ನ ಕೂದಲನ್ನು ತಾನೇ ಹೆಕ್ಕಿ ಬಚ್ಚಿಟ್ಟದ್ದನ್ನು ನಾನು ಕಂಡಿಲ್ಲ.

ಇಷ್ಟು ಬರೆದು ಡಬ್ಬಿ ತೆಗೆದಿದ್ದೇನೆ. ತಣ್ಣಗಾಗಿದೆ, ತಿನ್ನುತ್ತೇನೆ.

ಇಂತಿ,
ನಿನ್ನ ಗಲಾಟೆ ಕೇಳದೆ ಕಿವಿ ತುಕ್ಕು ಹಿಡಿದಿರುವ
ಅಮ್ಮ

ಮರೆತಿದ್ದೆ: ಈ ಪತ್ರ ತಂದುಕೊಟ್ಟ ಟೆಂಪೊ ಮಾವ ಕೆಳಗೇ ನಿಂತಿರುತ್ತಾರೆ. ಸೋಫಾ ಬಂತು ಅಂತ ಲಿಫ್ಟು ಹಿಡಿದು ಕಾಯಬೇಡ, ಟೆಂಪೊ ಖಾಲಿ ಬಂದಿದೆ. ಅವಳು ಬರ್ತೀನಿ ಅಥವಾ ಬರಲ್ಲ ಅಂತ ಬಾಯಿ ಬಿಟ್ಟು ಹೇಳುವವರೆಗೆ ಹೊರಡಬೇಡಿ ಅಂದಿದ್ದೇನೆ. ನಿನ್ನನ್ನು ಎತ್ತಿ ಆಡಿಸಿದವರು, ಎಷ್ಟು ಹೊತ್ತಾದರೂ ಕಾಯುತ್ತಾರೆ. ಸೋಫಾ ಇನ್ನು ವಾಪಸ್ ಬರುವ ಹಾಗಿಲ್ಲ. ಕೈಪಟ್ಟಿ ಎರಡೂ ಕೊಯ್ದು ತೆಗೆದು, ಚೌಕಟ್ಟಿಗೆ ಎರಡು ಅಡಿ ಮರ ಸೇರಿಸಿ, ಹೊಸ ಸ್ಪಂಜು ಹಾಕಿ ಮಂಚ ಮಾಡಿ ಮೇಲಿನ ರೂಮಿನಲ್ಲಿ ನನ್ನ ಮಂಚದ ಪಕ್ಕಕ್ಕೆ ಹಾಕಿದ್ದೇನೆ. ನಿನ್ನೆ ನಾನೇ ಮಲಗಿ ನೋಡಿದೆ. ಕಾಲು ಪೂರ್ತಿ ಚಾಚಬಹುದು.